ಕೆಂಚನನ್ನು ಕಾಡಿಗೆ ಕರೆದೊಯ್ಯುವ ಮುನ್ನ

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಗಂಡು ನಾಯಿ ಇದೆ, ಹೆಸರು ಕೆಂಚ. ಲ್ಯಾಬ್ರಡಾರ್‌ಗೂ ಊರ ನಾಯಿಗೂ ಹುಟ್ಟಿದ್ದು, 24 ಕೆ.ಜಿ. ತೂಗುತ್ತದೆ. ನಾವಿರುವುದು ಬೆಂಗಳೂರಿನ ದಕ್ಷಿಣಕ್ಕೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಡಿಕೆ ತೋಟ, ತೋಟದ ಬೆನ್ನಿಗೇ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಭಾನುವಾರಗಳಂದು ಬೆಂಗಳೂರಿನ ಸುತ್ತಲ ಕಾಡು-ಬೆಟ್ಟಕ್ಕೆ, ರಜೆಯಲ್ಲಿ ಊರ ಕಾಡಿಗೆ ಇವನನ್ನೂ ಕರೆದುಕೊಂಡು ಹೋಗುವ ಆಸೆ. ಎಲ್ಲೆಲ್ಲಿ ಹೋಗಬಹುದು? ಏನು ತಯಾರಿ ಬೇಕು? ಉಣುಗು (ಉಣ್ಣೆ), ಇಂಬಳ (ಕಾಡಿನ ನೆಲದ ಜಿಗಣೆ), ಹಾವು ಎಂದರೆ ಮನೆಯವರಿಗೆ ಭಯ. ಅಪ್ಪ ಬೆಟ್ಟಕ್ಕೆ ಹೋಗುವಾಗ ಮನೆಯ ನಾಯಿಯನ್ನು ಬಿಟ್ಟುಕೊಂಡೇ ಹೋಗುತ್ತಾರೆ. ನಾನು ಹಗ್ಗ ಹಿಡಿದರೆ "ಇದೇನು ಎಮ್ಮೆಯೇನೋ" ಎಂದು ನಗುತ್ತಾರೆ. ಕಟ್ಟಲೇಬೇಕೆ?

ಉತ್ತರ: ಕಟ್ಟಲೇಬೇಕು. ಉಳಿದ ಪ್ರಶ್ನೆಗಳಿಗೆ "ಸಂದರ್ಭ ನೋಡಿ" ಎನ್ನಬಹುದು, ಇದಕ್ಕೆ ಆಗದು.

ಬಿಟ್ಟ ನಾಯಿ ನಿಮಗಿಂತ ಐವತ್ತು ಹೆಜ್ಜೆ ಮುಂದಿರುತ್ತದೆ. ಪೊದೆಯಲ್ಲಿ ಮಲಗಿದ ಕರಡಿಯನ್ನು ಅದೇ ಮೊದಲು ಎಬ್ಬಿಸುತ್ತದೆ, ನಾಲ್ಕು ಸಲ ಬೊಗಳುತ್ತದೆ, ಕರಡಿ ತಿರುಗಿ ಬಿದ್ದಾಗ ನೇರವಾಗಿ ಯಜಮಾನನ ಕಾಲ ಬುಡಕ್ಕೇ ಓಡಿ ಬರುತ್ತದೆ. ಹಿಂದೆ ಕರಡಿ. ಆನೆಯ ವಿಷಯದಲ್ಲೂ ಹೀಗೇ. ಚಿರತೆಗಂತೂ ನಾಯಿ ಎಂದರೆ ಸುಲಭದ ಊಟ. ಊರಂಚಿನ ಚಿರತೆಗಳ ಆಹಾರದಲ್ಲಿ ನಾಯಿಗೆ ದೊಡ್ಡ ಪಾಲಿದೆ. ಜೊತೆಗೆ ನೆಲದ ಮೇಲೆ ಮೊಟ್ಟೆಯಿಡುವ ನವಿಲು, ಕಾಡುಕೋಳಿ, ಪೊದೆಯಲ್ಲಿ ಅಡಗಿಸಿಟ್ಟ ಜಿಂಕೆಮರಿ, ಮೊಲ ಇವೆಲ್ಲ ಇವೆ. ಕೆಂಚ ಕಚ್ಚದಿದ್ದರೂ ಅಟ್ಟಿದ್ದೇ ಸಾಕು, ತಾಯಿ ಬೇರೆ ಮರಿ ಬೇರೆ ಆಗುತ್ತವೆ.

ನಿಮ್ಮ ಅಪ್ಪನಿಗೆ ಮನದಟ್ಟಾಗುವ ಕಾರಣ ಬೇರೆಯದು. ತೋಟ ಮತ್ತು ಬೆಟ್ಟದ ಗಡಿಯಲ್ಲಿ ಕಾಡುಹಂದಿಗೆಂದು ಕದ್ದು ಹಾಕುವ ಉರುಳು ಮತ್ತು ಸಿಡಿಮದ್ದು. ಉರುಳನ್ನು ಹೆಚ್ಚಾಗಿ ಬೈಕಿನ ಕ್ಲಚ್ ವೈರು, ಬ್ರೇಕ್ ವೈರಿನಿಂದ ಮಾಡಿರುತ್ತಾರೆ. ಬೇಲಿಯ ಕಂಡಿಯಲ್ಲಿ, ಹಂದಿ ನುಸುಳುವ ಜಾಗದಲ್ಲಿ, ನೆಲದಿಂದ ಒಂದು ಗೇಣು ಎರಡು ಗೇಣು ಎತ್ತರದಲ್ಲಿ ಕಟ್ಟಿರುತ್ತಾರೆ. ನಾಯಿಯ ಕುತ್ತಿಗೆಯೂ ಅಷ್ಟೇ ಎತ್ತರಕ್ಕೆ ಬರುತ್ತದೆ. ಸಿಡಿಮದ್ದು ಇನ್ನೂ ಕ್ರೂರ. ಹಿಟ್ಟು, ಕೊಬ್ಬು, ಮೀನಿನ ವಾಸನೆ ಸವರಿದ ಉಂಡೆ. ಕಚ್ಚಿದ ಕ್ಷಣಕ್ಕೆ ದವಡೆಯೇ ಛಿದ್ರ. ಮನುಷ್ಯನ ಕಣ್ಣಿಗೆ ಬೀಳದ ಉಂಡೆ ನಾಯಿಯ ಮೂಗಿಗೆ ಇಪ್ಪತ್ತು ಮೀಟರ್ ದೂರದಿಂದಲೇ ಸಿಗುತ್ತದೆ. ಅಂಥದ್ದೇನಾದರೂ ಕಂಡರೆ ಮುಟ್ಟಬೇಡಿ, ಕೋಲಿನಿಂದ ಕೆದಕಬೇಡಿ. ದೂರ ನಿಂತು ಜಾಗ ಗುರುತು ಮಾಡಿಕೊಂಡು ಅರಣ್ಯ ಇಲಾಖೆಗೆ ಅಥವಾ 112ಕ್ಕೆ ತಿಳಿಸಿ.

ಉರುಳಿಗೆ ಸಿಕ್ಕರೆ ಏನು ಮಾಡಬೇಕು ಎಂಬುದನ್ನು ಹೋಗುವ ಮೊದಲೇ ತಿಳಿದಿರಿ, ಅಲ್ಲಿ ಯೋಚಿಸಲು ಸಮಯವಿರದು. ನಾಯಿ ಎಳೆದಷ್ಟೂ ತಂತಿ ಬಿಗಿಯುತ್ತದೆ. ಆದ್ದರಿಂದ ನಾಯಿಯನ್ನು ನಿಮ್ಮ ಕಡೆಗೆ ಎಳೆಯದೆ, ತಂತಿ ಕಟ್ಟಿದ ಗೂಟ ಅಥವಾ ಮರದ ಕಡೆಗೇ ತಳ್ಳಿ ಒತ್ತಿ ಹಿಡಿಯಿರಿ. ಆಗ ತಂತಿ ಸಡಿಲಾಗುತ್ತದೆ. ಮೊದಲು ಗೂಟದ ಬದಿಯಲ್ಲಿ ತಂತಿ ಕತ್ತರಿಸಿ, ನಾಯಿ ಬಿಡುಗಡೆಯಾದ ಮೇಲೆ ಕುಣಿಕೆ ಬಿಚ್ಚಿ. ಇದಕ್ಕೆ ಚೀಲದಲ್ಲಿ ಒಂದು ಕಟಿಂಗ್ ಪ್ಲೇಯರ್ ಇರಲೇಬೇಕು. ಕ್ಲಚ್ ವೈರು ಚಾಕುವಿಗೆ ಬಗ್ಗದು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಅದರ ಮುಖದ ಮೇಲೆ ದಪ್ಪ ಬಟ್ಟೆ ಹೊದಿಸಿಯೇ ಕೈ ಹಾಕಿ. ಕುಣಿಕೆ ಹೊಟ್ಟೆಗೋ ಕುತ್ತಿಗೆಗೋ ಬಿದ್ದಿದ್ದರೆ, ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ಅದೇ ದಿನ ಪಶುವೈದ್ಯರಿಗೆ ತೋರಿಸಿ. ತಂತಿ ಕೊಯ್ದ ಗಾಯ ಮೇಲೆ ಗೆರೆಯಷ್ಟೇ ಕಂಡರೂ ಒಳಗೆ ಆಳವಾಗಿರುತ್ತದೆ.

ಸೋಲಾರ್ ಬೇಲಿ ನಾಯಿಯನ್ನು ಕೊಲ್ಲುವುದಿಲ್ಲ, ಆದರೆ ಹೊಡೆತ ತಿಂದ ನಾಯಿ ಎತ್ತಲೋ ಓಡಿಬಿಡುತ್ತದೆ. ಕಂಬದಿಂದ ನೇರ ಕರೆಂಟು ಕೊಟ್ಟ ಕಳ್ಳ ತಂತಿ ಮಾತ್ರ ಕೊಲ್ಲುತ್ತದೆ, ನಾಯಿಯನ್ನಷ್ಟೇ ಅಲ್ಲ. ಅದಕ್ಕೆ ಸಿಕ್ಕ ನಾಯಿಯನ್ನು ಕರೆಂಟು ತೆಗೆಸುವವರೆಗೆ ಮುಟ್ಟಬಾರದು.

ಹಗ್ಗ ಎಂಥದ್ದಿರಬೇಕು

ಎರಡು ಮೀಟರ್‌ಗಿಂತ ಉದ್ದ ಬೇಡ. ಗುಂಡಿ ಒತ್ತಿದರೆ ಉದ್ದವಾಗಿ, ಬಿಟ್ಟರೆ ಸುತ್ತಿಕೊಳ್ಳುವ ಲೀಶ್ ಪಾರ್ಕಿಗೆ ಸರಿ. ಲಂಟಾನ ಪೊದೆಯಲ್ಲಿ ಅದರ ದಾರ ಎರಡು ಸುತ್ತು ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕು, ಕೈಗೆ ಸುತ್ತಿಕೊಂಡರೆ ಬೆರಳು ಕೊಯ್ಯುತ್ತದೆ. ಅರ್ಧ ಇಂಚಿನಿಂದ ಮುಕ್ಕಾಲು ಇಂಚು ಅಗಲದ ನೈಲಾನ್ ಪಟ್ಟಿ ಸಾಕು. ಕಬ್ಬಿಣದ ಚೈನು ಭಾರ, ಅಲ್ಲದೆ ಕೈ ಉಜ್ಜುತ್ತದೆ.

ಹಗ್ಗವನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ. ಇಳಿಜಾರಿನಲ್ಲಿ ನಾಯಿ ಜಾರಿದರೆ ಪೂರ್ತಿ ತೂಕ ಗಂಟಲಿನ ಮೇಲೆ ಬೀಳುತ್ತದೆ. ಎದೆಯ ಮೇಲೆ ಇಂಗ್ಲಿಷ್ ವೈ ಅಕ್ಷರದಂತೆ ಬರುವ, ಭುಜದ ಕೀಲಿಗೆ ಅಡ್ಡ ಬಾರದ ಹಾರ್ನೆಸ್ ಕೊಳ್ಳಿ. ತೊಡಿಸಿದ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮೂರು ಹೋದರೆ ಸಡಿಲ, ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕಳಚಿಕೊಂಡೀತು. ಬೆಲ್ಟು ಕುತ್ತಿಗೆಯಲ್ಲೇ ಇರಲಿ, ಅದರ ಮೇಲೆ ಅಳಿಸದ ಶಾಯಿಯಲ್ಲಿ ಫೋನ್ ನಂಬರ್ ಬರೆದಿರಲಿ. ಮೊದಲ ಎರಡು ವಾರ ಹಾರ್ನೆಸ್ ಹಾಕಿ ಬೀದಿಯಲ್ಲೇ ನಡೆಸಿ ಕಂಕುಳಲ್ಲಿ ಉಜ್ಜಿದ ಗುರುತು ಬಿದ್ದಿದೆಯೇ ನೋಡಿ. ಹೊಸ ಹಾರ್ನೆಸ್ ತೊಡಿಸಿ ಮೊದಲ ದಿನವೇ ಹತ್ತು ಕಿಲೋಮೀಟರ್ ಹೋದವರ ನಾಯಿ ಹುಣ್ಣು ಹೊತ್ತುಕೊಂಡೇ ಮನೆಗೆ ಬರುತ್ತದೆ.

ಹಿಮಾಲಯದ ಕುರಿಗಾಹಿಗಳ ನಾಯಿಗಳಿಗೆ ಕಟ್ಟುವ ಮುಳ್ಳುಪಟ್ಟಿಯನ್ನು ನೋಡಿ ಕೆಲವರು ಇಲ್ಲೂ ತರಿಸುತ್ತಾರೆ. ರಾತ್ರಿ ಮಂದೆ ಕಾಯುವ ನಾಯಿಗೆ ಅದು ಸರಿ. ಹಗಲಲ್ಲಿ ನಿಮ್ಮ ಕೈಯ ಹಗ್ಗದಲ್ಲಿರುವ ನಾಯಿಗೆ ಅದು ಬರೀ ಅಲಂಕಾರ, ನಿಮ್ಮ ಮೊಣಕಾಲಿಗೆ ಗಾಯ.

ಎಲ್ಲಿ ಹೋಗಬಹುದು, ಎಲ್ಲಿ ಕೂಡದು

ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ಸಂರಕ್ಷಿತ ಪ್ರದೇಶ ಈ ಮೂರಕ್ಕೂ ನಾಯಿಯನ್ನು ಒಯ್ಯುವ ಮಾತೇ ಬೇಡ. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟ ಜಾಗಗಳು. ಗೊಂದಲವಾಗುವುದು ಹೆಸರಿನಿಂದ. ಚಾರಣಿಗರು "ಕುಮಾರಪರ್ವತ" ಎನ್ನುತ್ತಾರೆ, ಅದು ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. ಕುರಿಂಜಾಲು, ನೇತ್ರಾವತಿ ಶಿಖರ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ನಿಮ್ಮ ಮನೆಗೆ ಹತ್ತಿರದ ಬನ್ನೇರುಘಟ್ಟವೂ ರಾಷ್ಟ್ರೀಯ ಉದ್ಯಾನವೇ, ಮೃಗಾಲಯದ ಗೋಡೆಯೊಳಗಷ್ಟೇ ಅಲ್ಲ, ಅದರಾಚೆಯ ಕಾಡೂ ಕೂಡ. ಅಲ್ಲಿ ಆನೆಯೂ ಇದೆ, ಚಿರತೆಯೂ ಇದೆ. ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮ. ಊರಿನ ಕಡೆ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಗಡಿ ಎಲ್ಲಿಗೆ ಬರುತ್ತದೆ ಎಂದು ಅರಣ್ಯ ಇಲಾಖೆಯವರನ್ನೇ ಕೇಳಿ. ಬಂಡೀಪುರ, ನಾಗರಹೊಳೆಯ ರಸ್ತೆಯಲ್ಲಿ ಕಾರಿನಲ್ಲಿ ಹಾದುಹೋಗುವಾಗಲೂ ನಾಯಿಯನ್ನು ಮೂತ್ರಕ್ಕೆಂದು ಇಳಿಸಬೇಡಿ.

ಈ ನಿಷೇಧ ಅಧಿಕಾರಿಗಳ ಹಟವಲ್ಲ. ನಾಯಿಯ ಡಿಸ್ಟೆಂಪರ್ ವೈರಸ್ ಸೀಳುನಾಯಿ, ನರಿ, ಚಿರತೆ, ಹುಲಿ, ಸಿಂಹಗಳಿಗೂ ತಗಲುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೂರರಲ್ಲಿ ಒಂದು ಪಾಲು ಸಿಂಹಗಳು ಇದರಿಂದ ಸತ್ತವು. 2018ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಸ್ ಪತ್ತೆಯಾಯಿತು. ಲಸಿಕೆ ಹಾಕಿಸಿದ ಕೆಂಚನಿಂದ ಅಪಾಯ ಕಡಿಮೆ, ನಿಜ. ಆದರೆ ಗೇಟಿನಲ್ಲಿ ನಿಂತ ಕಾವಲುಗಾರ ನಿಮ್ಮ ಲಸಿಕೆ ಪುಸ್ತಕ ಓದಿ ಒಂದೊಂದೇ ನಾಯಿ ಬಿಡುತ್ತಾ ಕೂರಲಾಗದು.

ಉಳಿದದ್ದೇನು? ಬೇಕಾದಷ್ಟಿದೆ. ಕೊಡಗು, ಚಿಕ್ಕಮಗಳೂರಿನ ನೆರಳಿನ ಕಾಫಿ ತೋಟಗಳು ನಾಯಿಗೆ ಕಾಡಿಗೆ ಕಡಿಮೆಯಿಲ್ಲ. ನಾಯಿಯನ್ನು ಒಪ್ಪುವ ಹೋಂಸ್ಟೇಗಳಿವೆ, ತೋಟದ ದಾರಿಯಲ್ಲೇ ನಾಲ್ಕೈದು ಕಿಲೋಮೀಟರ್ ನಡೆಯಬಹುದು. ಆದರೆ ಪಕ್ಕದ ದೇವರಕಾಡಿಗೆ ನಾಯಿಯೊಂದಿಗೆ ಕಾಲಿಡಬೇಡಿ, ಅದು ಊರವರ ನಂಬಿಕೆಯ ಜಾಗ. ನಿಮ್ಮ ಊರಿನ ಸೊಪ್ಪಿನ ಬೆಟ್ಟ ನಿಮ್ಮದೇ ಮನೆತನದ ಹಕ್ಕಿನದಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಂಗಳೂರಿನ ಸುತ್ತ ಗೋಮಾಳ, ನೀಲಗಿರಿ-ಅಕೇಶಿಯಾ ನೆಡುತೋಪು, ಪರಿಚಿತರ ಮಾವಿನ ತೋಪು ನೋಡಿ. ಮೀಸಲು ಅರಣ್ಯ ಅಥವಾ ರಾಜ್ಯ ಅರಣ್ಯ ಎಂಬ ಫಲಕವಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ, ಜಾಗದ ಹೆಸರು ಹೇಳಿ, "ಕಟ್ಟಿದ ನಾಯಿಯೊಂದಿಗೆ ಕಾಲುದಾರಿಯಲ್ಲಿ ನಡೆಯಬಹುದೇ" ಎಂದು ಕೇಳಿ. ಅಂತರ್ಜಾಲದ ಫೋಟೊ ನೋಡಿ ಹೊರಡಬೇಡಿ. ಯಾರೋ ನಾಯಿಯೊಂದಿಗೆ ನಿಂತ ಚಿತ್ರ ಅನುಮತಿಪತ್ರವಲ್ಲ. ಲಾಲ್‌ಬಾಗ್‌ಗೆ ನಾಯಿಯನ್ನು ಬಿಡುವುದಿಲ್ಲ. ಅಭ್ಯಾಸಕ್ಕೆ ಕಬ್ಬನ್ ಪಾರ್ಕ್ ಸಾಕು.

ತಯಾರಿ

ಮೊದಲು ಲಸಿಕೆ. ರೇಬಿಸ್ ವರ್ಷಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೊ ಇತ್ಯಾದಿಗಳ ಜೊತೆ ಇಲಿಜ್ವರದ ಲಸಿಕೆಯೂ ಸೇರಿದೆಯೇ ಎಂದು ಪುಸ್ತಕ ನೋಡಿ ಖಚಿತಪಡಿಸಿಕೊಳ್ಳಿ. ಗದ್ದೆ, ತೋಟದ ಕಾಲುವೆ ಇರುವ ಕಡೆ ಇಲಿಜ್ವರ ದೊಡ್ಡ ವಿಷಯ, ಅದರ ಲಸಿಕೆಯ ಬಲ ವರ್ಷಕ್ಕೆ ಮುಗಿಯುತ್ತದೆ. ತಪ್ಪಿದ್ದರೆ ಹಾಕಿಸಿ, ಎರಡು ವಾರ ಬಿಟ್ಟು ಹೊರಡಿ.

ಎರಡನೆಯದು "ಬಿಡು" ಎಂಬ ಮಾತು. ಸಿಡಿಮದ್ದು, ಸತ್ತ ಪ್ರಾಣಿ, ಹಾವು ಎಲ್ಲಕ್ಕೂ ಈ ಒಂದೇ ಮಾತು ಅಡ್ಡ ನಿಲ್ಲುತ್ತದೆ. ಮುಚ್ಚಿದ ಮುಷ್ಟಿಯಲ್ಲಿ ಬಿಸ್ಕತ್ತಿನ ಚೂರು ಹಿಡಿದು ಮೂಗಿನ ಮುಂದಿಡಿ. ಕೆಂಚ ನೆಕ್ಕುತ್ತಾನೆ, ಕೆರೆಯುತ್ತಾನೆ, ನೀವು ಸುಮ್ಮನಿರಿ. ಮೂಗು ಹಿಂದೆ ತೆಗೆದ ಕ್ಷಣ "ಬಿಡು" ಎಂದು ಹೇಳಿ ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ, ಮುಷ್ಟಿಯಲ್ಲಿದ್ದುದನ್ನಲ್ಲ. ದಿನಕ್ಕೆ ಐದು ನಿಮಿಷ. ವಾರ ಕಳೆದ ಮೇಲೆ ಚೂರನ್ನು ನೆಲದ ಮೇಲಿಟ್ಟು ಪಾದದಿಂದ ಮುಚ್ಚಿ, ಆಮೇಲೆ ಮುಚ್ಚದೆ, ಆಮೇಲೆ ಹಗ್ಗದಲ್ಲಿ ನಡೆಸುತ್ತಾ ಅದರ ಪಕ್ಕ ಹಾದುಹೋಗಿ. ಕೋಳಿಯ ಮೂಳೆಯನ್ನು ದಾಟಿ ಬರುವಷ್ಟಾದರೆ ಕಾಡಿಗೆ ಸಿದ್ಧ. ಲ್ಯಾಬ್ರಡಾರ್ ರಕ್ತ ಬೇರೆ, ಒಂದು ತಿಂಗಳು ಹಿಡಿದರೂ ಬೇಸರ ಬೇಡ.

ಮೂರನೆಯದು ಕಾಲು. ಟೈಲ್ಸಿನ ಮೇಲೆ ಬೆಳೆದ ನಾಯಿಯ ಅಂಗಾಲು ಮೆತ್ತಗೆ. ಸಾಗರದ ಜಂಬಿಟ್ಟಿಗೆ ನೆಲ ಮರಳುಕಾಗದದಂತೆ ಉಜ್ಜುತ್ತದೆ. ಮೊದಲ ವಾರ ಮೂರು ಕಿಲೋಮೀಟರ್‌ನಿಂದ ಶುರು ಮಾಡಿ, ವಾರಕ್ಕೆ ಒಂದೊಂದು ಕಿಲೋಮೀಟರ್ ಏರಿಸಿ. ಉಗುರು ಉದ್ದವಿದ್ದರೆ ಇಳಿಜಾರಿನಲ್ಲಿ ಸೀಳುತ್ತದೆ, ಹೊರಡುವ ನಾಲ್ಕು ದಿನ ಮೊದಲೇ ಕತ್ತರಿಸಿ.

ಬಿಸಿಲು

ಚಿರತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಬಿಸಿಲಿನ ಬಗ್ಗೆ ಯಾರೂ ಕೇಳುವುದಿಲ್ಲ. ನಡಿಗೆಗೆ ಹೋದ ನಾಯಿಯನ್ನು ಕಳೆದುಕೊಳ್ಳುವ ಸುಲಭದ ದಾರಿ ಬಿಸಿಲೇ.

ನಾಯಿ ಬೆವರಿ ತಣಿಯುವ ಪ್ರಾಣಿಯಲ್ಲ. ಅಂಗಾಲಲ್ಲಿ ಒಂದಿಷ್ಟು ಬೆವರು ಬಿಟ್ಟರೆ ಉಳಿದದ್ದೆಲ್ಲ ತೇಕುವುದರಿಂದಲೇ ಆಗಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತೇಕಿದರೂ ನಾಲಿಗೆಯ ನೀರು ಆರುವುದಿಲ್ಲ. ಹಾಗಾಗಿ ಏಪ್ರಿಲ್-ಮೇ ತಿಂಗಳ ಮಲೆನಾಡಿನ ಮೋಡ ಕವಿದ ಸೆಖೆಯ ದಿನ, ಬಯಲುಸೀಮೆಯ ಒಣ ಬಿಸಿಲಿಗಿಂತ ಮೋಸದ್ದು. ಬೆಂಗಳೂರಿನ ಸುತ್ತಲ ಹಾಸುಬಂಡೆಯ ಬೆಟ್ಟಗಳಲ್ಲಿ ಕಲ್ಲೇ ಶತ್ರು. ಅಂಗೈಯ ಹಿಂಭಾಗವನ್ನು ಬಂಡೆಯ ಮೇಲಿಟ್ಟು ಏಳು ಎಣಿಸಿ, ತಡೆಯಲಾಗದಿದ್ದರೆ ನಾಯಿಯ ಕಾಲಿಗೂ ತಡೆಯದು. ಬೆಳಗ್ಗೆ ಏರುವಾಗ ತಣ್ಣಗಿದ್ದ ಬಂಡೆ ಇಳಿಯುವಾಗ ಕಾದ ಹೆಂಚಾಗಿರುತ್ತದೆ ಎಂಬುದೇ ಜನ ಮರೆಯುವ ಲೆಕ್ಕ.

ಕತ್ತಲು-ಬೆಳಕಿನ ಹೊತ್ತು ಚಿರತೆಯದು, ಹತ್ತರ ಮೇಲಿನ ಹೊತ್ತು ಬಿಸಿಲಿನದು. ನಡುವೆ ಉಳಿದದ್ದು ನಿಮ್ಮದು: ಸೂರ್ಯ ಹುಟ್ಟಿ ಅರ್ಧ ಗಂಟೆಯ ನಂತರ ಹೊರಟು ಒಂಬತ್ತೂವರೆಗೆ ವಾಹನದ ಬಳಿ ಇರಬೇಕು. ಡಿಸೆಂಬರ್-ಜನವರಿಯಲ್ಲಿ ಇನ್ನೊಂದು ಗಂಟೆ ಸೇರಿಸಬಹುದು. ಪಗ್, ಬುಲ್‌ಡಾಗ್, ಶಿಹ್‌ತ್ಸು ತರಹದ ಚಪ್ಪಟೆ ಮೂತಿಯ ನಾಯಿಗಳಿಗೆ ಬೆಟ್ಟವೇ ಬೇಡ.

ನೀರು: ಕೆ.ಜಿ. ತೂಕಕ್ಕೆ ಗಂಟೆಗೆ ಹತ್ತು ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಕೆಂಚನಿಗೆ ಗಂಟೆಗೆ ಕಾಲು ಲೀಟರ್, ಮೂರು ಗಂಟೆಗೆ ಮುಕ್ಕಾಲು. ಮೈ ತಣಿಸಲು ಇನ್ನೊಂದು ಮುಕ್ಕಾಲು ಸೇರಿಸಿ ಅವನ ಪಾಲಿಗೇ ಒಂದೂವರೆ ಲೀಟರ್ ಹೊರಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ, ಒಂದೇ ಸಲ ಬಟ್ಟಲು ತುಂಬ ಕೊಡಬೇಡಿ. ಬೆಳಗಿನ ಊಟ ಅರ್ಧ ಮಾತ್ರ, ಹೊರಡುವ ಎರಡು ಮೂರು ಗಂಟೆ ಮೊದಲು. ಹೊಟ್ಟೆ ಬಿರಿಯೆ ತಿಂದು ಓಡಿದ ದೊಡ್ಡ ನಾಯಿಗೆ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ.

ನಾಲಿಗೆಯ ತುದಿ ಸೌಟಿನಂತೆ ಅಗಲವಾಗಿ ಜೋತುಬಿದ್ದಿದೆ, ಜೊಲ್ಲು ಅಂಟಂಟಾಗಿದೆ, ನೆರಳು ಕಂಡಲ್ಲಿ ಕೂರುತ್ತಾನೆ ಎಂದರೆ ನಡಿಗೆ ಅಲ್ಲಿಗೆ ಮುಗಿಯಿತು. ಒಸಡು ಕಡುಗೆಂಪಾಗಿ, ಹೆಜ್ಜೆ ತೂರಾಡಿ, ವಾಂತಿ ಶುರುವಾದರೆ ಅದು ಬಿಸಿಲಿನ ಹೊಡೆತ. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಅಂಗಾಂಗ ಕೆಡಲು ಶುರು. ಆಸ್ಪತ್ರೆಗೆ ಓಡುವ ಮೊದಲು ತಣಿಸಿ: ನೆರಳಿಗೆ ತಂದು ಇರುವ ನೀರನ್ನೆಲ್ಲ ಮೈಮೇಲೆ, ಹೊಟ್ಟೆ ಕಂಕುಳಿಗೆ ಸುರಿದು ಟೊಪ್ಪಿಗೆಯಿಂದಲೋ ತಟ್ಟೆಯಿಂದಲೋ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟುಬಿಡುವುದು ತಪ್ಪು, ಐದು ನಿಮಿಷದಲ್ಲಿ ಅದೇ ಕಂಬಳಿಯಾಗಿ ಶಾಖ ಹಿಡಿದಿಡುತ್ತದೆ. 39.5ಕ್ಕೆ ಇಳಿದಾಗ ನಿಲ್ಲಿಸಿ, ಕಾರಿನಲ್ಲಿ ಎಸಿ ಹಾಕಿಕೊಂಡು ವೈದ್ಯರ ಬಳಿಗೆ ಹೊರಡಿ. ಚೇತರಿಸಿಕೊಂಡಂತೆ ಕಂಡರೂ ತೋರಿಸಬೇಕು, ಮೂತ್ರಪಿಂಡದ ತೊಂದರೆ ಒಂದೆರಡು ದಿನದ ನಂತರ ಹೊರಬರುತ್ತದೆ.

ಉಣುಗು

ಇದು ನಿಮ್ಮ ಊರಿನ ವಿಷಯದಲ್ಲಿ ನಾಯಿಗಿಂತ ನಿಮಗೇ ಹೆಚ್ಚು ಮುಖ್ಯ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2019ರಲ್ಲಿ ಅದು ಜೀವಗಳನ್ನು ತೆಗೆದುಕೊಂಡಿತು. ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು ಇದನ್ನು ಹರಡುತ್ತದೆ. ಮನುಷ್ಯರಿಗೆ ಕಚ್ಚುವುದು ಅದರ ಎಳೆಯ ರೂಪ, ಎಳ್ಳಿಗಿಂತ ಸಣ್ಣದು, ಒಣ ತರಗೆಲೆಯಲ್ಲಿ ಕಾದಿರುತ್ತದೆ. ಇದರ ಕಾಲ ನವೆಂಬರ್‌ನಿಂದ ಮೇವರೆಗೆ. ನಡಿಗೆಗೆ ಹಿತವಾದ ಕಾಲವೂ ಅದೇ ಎಂಬುದೇ ಫಜೀತಿ. ಕೆಂಚ ತರಗೆಲೆಯಲ್ಲಿ ಹೊರಳಿ ಮೈಗೆ ಹತ್ತಿಸಿಕೊಂಡ ಉಣುಗು ನಿಮ್ಮ ಹಾಸಿಗೆಯವರೆಗೆ ಬರಬಹುದು.

ಆದ್ದರಿಂದ ಆ ತಿಂಗಳುಗಳಲ್ಲಿ ಊರಿಗೆ ಹೋದಾಗ ಮೊದಲು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಸುತ್ತಮುತ್ತ ಮಂಗ ಸತ್ತಿದ್ದರೆ, ಪ್ರಕರಣ ಕಂಡಿದ್ದರೆ ಆ ವರ್ಷ ಬೆಟ್ಟಕ್ಕೆ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ. ಸತ್ತ ಮಂಗ ಕಂಡರೆ ದೂರದಿಂದಲೇ ತಿಳಿಸಿ. ಹೋಗುವುದಾದರೆ ತೆರೆದ ದಾರಿಯ ನಡುವೆ ನಡೆಯಿರಿ, ತರಗೆಲೆಯ ಮೇಲೆ ಕೂರಬೇಡಿ. ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ನಿಮ್ಮ ಕೈಕಾಲಿಗೆ. ನಾಯಿಗೆ ಹಚ್ಚಬೇಡಿ, ಅದು ನೆಕ್ಕುತ್ತದೆ.

ನಾಯಿಗೆ ಬೇರೆ ಮದ್ದಿದೆ. ತೂಕ ನೋಡಿ ಕೊಡುವ, ಅಗಿದು ತಿನ್ನುವ ಮಾತ್ರೆಗಳು ಈಗ ಎಲ್ಲ ಕಡೆ ಸಿಗುತ್ತವೆ: ಅಫಾಕ್ಸೊಲನರ್ ಒಂದು ತಿಂಗಳಿಗೆ, ಫ್ಲುರಲನರ್ ಸುಮಾರು ಹನ್ನೆರಡು ವಾರಕ್ಕೆ. ಹೊರಡುವ ಎರಡು ಮೂರು ದಿನ ಮೊದಲೇ, ಊಟದ ಜೊತೆ ಕೊಡಿ. ಫಿಟ್ಸ್ ಬಂದ ಚರಿತ್ರೆಯಿದ್ದರೆ ವೈದ್ಯರಿಗೆ ಹೇಳದೆ ಕೊಡಬಾರದು. ಈ ಮಾತ್ರೆ ಉಣುಗನ್ನು ಕೊಲ್ಲುವುದು ಅದು ಕಚ್ಚಿದ ಮೇಲೆ. ಆದ್ದರಿಂದ ಮಾತ್ರೆ ಕೊಟ್ಟಿದ್ದೇವೆಂದು ಮೈ ತಡವುವುದನ್ನು ಬಿಡಬೇಡಿ. ಪರ್ಮೆಥ್ರಿನ್ ಇರುವ ಬೆನ್ನಿಗೆ ಹಾಕುವ ಹನಿಮದ್ದು ನಾಯಿಗೆ ಸರಿ, ಮನೆಯಲ್ಲಿ ಬೆಕ್ಕಿದ್ದರೆ ತರಬೇಡಿ, ಬೆಕ್ಕಿಗೆ ಅದು ವಿಷ.

ಮರಳಿದ ಮೇಲೆ ಮನೆಯೊಳಗೆ ಬಿಡುವ ಮೊದಲು, ಜಗಲಿಯಲ್ಲೇ ಒಂದು ಬಿಳಿ ಬಟ್ಟೆ ಹಾಸಿ ನಿಲ್ಲಿಸಿ. ಕಿವಿಯ ಒಳಮಡಿಕೆ, ರೆಪ್ಪೆಯಂಚು, ಬೆಲ್ಟಿನ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಬೆರಳುಗಳ ನಡುವೆ ಒಂದೊಂದಾಗಿ ನೋಡಿ. ಬೆರಳ ಸಂದಿಯನ್ನೇ ಹೆಚ್ಚು ಜನ ಬಿಟ್ಟುಬಿಡುತ್ತಾರೆ. ಕಚ್ಚಿಕೊಂಡ ಉಣುಗನ್ನು ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ, ಬಾಯಿಯ ಬುಡದಲ್ಲಿ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆಯಿರಿ. ಹೊಟ್ಟೆಯನ್ನು ಹಿಂಡಿದರೆ ಅದರೊಳಗಿನದೆಲ್ಲ ನಾಯಿಯ ರಕ್ತಕ್ಕೆ ಸೇರುತ್ತದೆ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ತೆಗೆದದ್ದನ್ನು ಉಗುರಲ್ಲಿ ಕುಟ್ಟದೆ ಸ್ಪಿರಿಟ್ ಇರುವ ಸೀಸೆಗೆ ಹಾಕಿ. ಆಮೇಲೆ ನೀವೂ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಹಾಕಿ.

ಒಂದರಿಂದ ಮೂರು ವಾರದ ನಂತರ ಕೆಂಚ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣುಗು ಜ್ವರ ಇರಬಹುದು. ಅದರಲ್ಲಿ ಎರ್ಲಿಕಿಯ ಮತ್ತು ಬೆಬೀಸಿಯ ಎಂಬ ಎರಡು ಬಗೆಯೂ ನಮ್ಮಲ್ಲಿ ಸಾಮಾನ್ಯ, ಎರಡಕ್ಕೂ ಔಷಧ ಬೇರೆ. ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಸಿ. ಎರ್ಲಿಕಿಯಕ್ಕೆ ಡಾಕ್ಸಿಸೈಕ್ಲಿನ್ ನಾಲ್ಕು ವಾರ ಬೇಕಾಗುತ್ತದೆ. ಐದನೇ ದಿನ ಚುರುಕಾದ ಎಂದು ನಿಲ್ಲಿಸಿದರೆ ಮತ್ತೆ ಬರುತ್ತದೆ. ಜ್ವರಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ಇಂಬಳ ಮತ್ತು ನೀರು

ಇಂಬಳದ ಬಗ್ಗೆ ಭಯ ಹೆಚ್ಚು, ಹಾನಿ ಕಡಿಮೆ. ಬೆರಳುಗುರಿನಿಂದ ಅದರ ಬಾಯಿಯ ಬುಡ ಸರಿಸಿದರೆ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೆ. ಆದರೆ ಮಲೆನಾಡಿನಲ್ಲಿ ಕಾಲಿಗೆ ಹಚ್ಚುವ ಹೊಗೆಸೊಪ್ಪು-ಸುಣ್ಣವನ್ನು ನಾಯಿಗೆ ಹಚ್ಚಬೇಡಿ. ಕಾಲು ನೆಕ್ಕುವ ಪ್ರಾಣಿಗೆ ಹೊಗೆಸೊಪ್ಪು ವಿಷ. ನೀಲಗಿರಿ ಎಣ್ಣೆಯೂ ಬೇಡ.

ಮೂಗಿಗೆ ಹೋದ ಜಿಗಣೆ ಮಾತ್ರ ಬೇರೆ ಕತೆ. ಹೊಳೆ, ಕೆರೆಯ ನೀರು ಕುಡಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣದು ಒಳಸೇರಿ ದಿನಗಟ್ಟಲೆ ಅಲ್ಲೇ ಬೆಳೆಯುತ್ತದೆ. ಒಂದೇ ಹೊಳ್ಳೆಯಿಂದ ರಕ್ತ, ಮತ್ತೆ ಮತ್ತೆ ಸೀನು ಇದರ ಗುರುತು. ಕೆಲವು ಗಂಟೆ ನೀರು ಕೊಡದೆ, ಆಮೇಲೆ ತಣ್ಣೀರಿನ ಬಟ್ಟಲನ್ನು ಮೂಗಿನ ಕೆಳಗೆ ಹಿಡಿದರೆ ಜಿಗಣೆ ನೀರಿಗೆಂದು ಹೊರಗಿಣುಕುತ್ತದೆ. ಆಗ ಬಟ್ಟೆ ಹಿಡಿದ ಬೆರಳಿನಿಂದ ಹಿಡಿಯಬಹುದು. ಸಿಗದಿದ್ದರೆ ವೈದ್ಯರೇ ತೆಗೆಯಲಿ. ಇದೂ ಇಲಿಜ್ವರವೂ ಬೇಡವೆಂದರೆ ಮನೆಯಿಂದ ತಂದ ನೀರನ್ನೇ ಕುಡಿಸಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ತೋಟಕ್ಕೆ ಕರೆದೊಯ್ಯಲೇಬೇಡಿ. ಡ್ರಮ್ಮಿನ ಬುಡದಲ್ಲಿ ನಿಂತ ನೀಲಿ ನೀರಿನಲ್ಲಿ ಮೈಲುತುತ್ತ ಇರುತ್ತದೆ, ಕುಡಿದರೆ ವಿಷ.

ಹಾವು

ನಾಯಿಗೆ ಕಚ್ಚುವುದು ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ. ಕೊಳಕುಮಂಡಲ ಕಚ್ಚಿದರೆ ಬಾವು, ನೋವು, ರಕ್ತಸ್ರಾವ. ನಾಗರಹಾವಾದರೆ ರೆಪ್ಪೆ ಜೋತುಬಿದ್ದು ಕಾಲು ಸೋಲುತ್ತದೆ. ಕಟ್ಟುಹಾವಾದರೆ ಬಾವೇ ಇಲ್ಲದೆ ನಿತ್ರಾಣ. ಬಿಗಿದು ಕಟ್ಟುವುದು, ಕೊಯ್ಯುವುದು, ಸೊಪ್ಪಿನ ರಸ ಯಾವುದೂ ಬೇಡ. ಕುತ್ತಿಗೆಯ ಬೆಲ್ಟು ಮತ್ತು ಹಾರ್ನೆಸ್ ಕೂಡಲೇ ಬಿಚ್ಚಿ, ಬಾವು ಏರಿದರೆ ಉಸಿರು ಕಟ್ಟುತ್ತದೆ. ನಡೆಸಬೇಡಿ, ಹೊತ್ತು ತನ್ನಿ. 24 ಕೆ.ಜಿ. ನಾಯಿಯನ್ನು ಒಬ್ಬರೇ ಎರಡು ಕಿಲೋಮೀಟರ್ ಹೊರಲಾಗದು, ಹಾಗಾಗಿ ಇಬ್ಬರು ಹೋಗಿ, ಒಂದು ಗಟ್ಟಿ ಪಂಚೆ ಇಟ್ಟುಕೊಳ್ಳಿ, ಅದೇ ಜೋಲಿ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಆದರೆ ಅದು ಎಲ್ಲ ಪಶು ಆಸ್ಪತ್ರೆಯಲ್ಲಿ ಇರುವುದಿಲ್ಲ. ಹೊರಡುವ ಹಿಂದಿನ ದಿನ ಫೋನ್ ಮಾಡಿ "ಪ್ರತಿವಿಷ ಇದೆಯೇ, ಭಾನುವಾರ ತೆರೆದಿರುತ್ತದೆಯೇ" ಎಂದು ಎರಡೇ ಪ್ರಶ್ನೆ ಕೇಳಿಟ್ಟುಕೊಳ್ಳಿ.

ಚಿರತೆ ಎದುರಾದರೆ ಓಡಬೇಡಿ, ಹಗ್ಗ ಗಿಡ್ಡ ಮಾಡಿ ಕೆಂಚನನ್ನು ತೊಡೆಗೆ ಒತ್ತಿ ಹಿಡಿದು, ಜೋರಾಗಿ ಮಾತಾಡುತ್ತಾ ಮುಖ ತಿರುಗಿಸದೆ ಹಿಂದೆ ಸರಿಯಿರಿ. ಆನೆಯ ಹಸಿ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್.

ಚೀಲದಲ್ಲಿ ಕಟಿಂಗ್ ಪ್ಲೇಯರ್, ಚಿಮುಟ, ಗಾಜ್ ಬಟ್ಟೆ, ಅಂಟಿಲ್ಲದೆ ಸುತ್ತಿಕೊಳ್ಳುವ ಬ್ಯಾಂಡೇಜ್, ಹಳೆಯ ಕಾಲುಚೀಲ ಎರಡು, ಥರ್ಮಾಮೀಟರ್, ಪಂಚೆ, ಮಲ ಎತ್ತಲು ನಾಲ್ಕು ಕವರ್ ಇರಲಿ. ಅಂಗಾಲು ಕೊಯ್ದರೆ ನೀರಿನಲ್ಲಿ ತೊಳೆದು, ಗಾಜ್ ಒತ್ತಿ, ಬ್ಯಾಂಡೇಜ್ ಸುತ್ತಿ, ಮೇಲೆ ಕಾಲುಚೀಲ ತೊಡಿಸಿ. "ಕಾಡಲ್ಲವೇ, ಗೊಬ್ಬರವಾಗುತ್ತದೆ" ಎಂದು ಮಲ ಬಿಟ್ಟು ಬರಬೇಡಿ. ಹುಳದ ಮೊಟ್ಟೆ, ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ.

ಇನ್ನು ಊರಿನ ಮನೆಯ ನಾಯಿ. ಅದಕ್ಕೆ ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆ ಆಗಿದೆಯೇ ಎಂದು ಅಪ್ಪನನ್ನು ಕೇಳಿ. ಆಗಿಲ್ಲದಿದ್ದರೆ ಹೋಗುವ ಮೊದಲೇ ಹಾಕಿಸಲು ಹೇಳಿ, ಉಣುಗಿನ ಮಾತ್ರೆ ಕೊಳ್ಳುವಾಗ ಅದರ ತೂಕಕ್ಕೂ ಒಂದು ತೆಗೆದುಕೊಳ್ಳಿ. ದಿನವೂ ಬೆಟ್ಟ ಸುತ್ತಿ ಬಂದು ಜಗಲಿಯಲ್ಲಿ ಮಲಗುವುದು ಅದೇ ನಾಯಿ. ನೀವು ಹೋದ ನಾಲ್ಕು ದಿನ ಕೆಂಚ ಮಲಗುವುದೂ ಅದರ ಪಕ್ಕದಲ್ಲೇ. ಬೆಟ್ಟಕ್ಕೆ ಹೊರಟಾಗ ಅದನ್ನೂ ಕಟ್ಟಿಕೊಂಡು ಹೋಗುವುದಾದರೆ ಸರಿ, ಇಲ್ಲದಿದ್ದರೆ ಆ ಎರಡು ಗಂಟೆ ಅದು ಮನೆಯಲ್ಲಿರಲಿ. ಒಂದು ಬಿಟ್ಟ ನಾಯಿ ಮುಂದೆ ಓಡಿದರೆ, ಹಗ್ಗದಲ್ಲಿರುವ ನಾಯಿಯನ್ನು ಹಿಡಿದು ನಿಲ್ಲಿಸುವುದು ನಿಮ್ಮಿಂದಾಗದು.